ಹೊಸ್ತಿಲಿನಿಂದ ಹಿಂದೆ ಸರಿದ ಆ ಅರ್ಧ ಗಂಟೆ

ನಿನ್ನೆ ರಾತ್ರಿ ಗೆಳೆಯರ ಗುಂಪೊಂದಕ್ಕೆ ಯಾರೋ ಹಾಕಿದ ಕಿರು ವಿಡಿಯೊ ನೋಡಿದ ಮೇಲೆ ಇದನ್ನು ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಸೈಬೀರಿಯಾದ ಕಾಡಿನಲ್ಲಿ 42 ವರ್ಷ ಹೊರಜಗತ್ತಿನಿಂದ ದೂರವಾಗಿ ಬದುಕಿದ ಲಿಕೊವ್ ಕುಟುಂಬದ ಕಥೆಯನ್ನು ಅದು ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಿತು. ಇವರಿಗೆ ಎರಡನೇ ಮಹಾಯುದ್ಧ ನಡೆದದ್ದು ಗೊತ್ತಿರಲಿಲ್ಲ, ಮನುಷ್ಯ ಚಂದ್ರನ ಮೇಲೆ ಇಳಿದದ್ದು ಗೊತ್ತಿರಲಿಲ್ಲ, ಟಿವಿ ಗೊತ್ತಿರಲಿಲ್ಲ ಎಂದು ಒಂದೊಂದನ್ನೇ ಎಣಿಸುತ್ತ ಹೋದಂತೆ ಹಿನ್ನೆಲೆಯಲ್ಲಿ ನಗುವಿನ ಸದ್ದು ಏರುತ್ತ ಹೋಯಿತು. ಆರು ಜನರ ಒಂದು ಇಡೀ ಬದುಕನ್ನು ಅವರಿಗೆ ಏನೇನು ಗೊತ್ತಿರಲಿಲ್ಲ ಎಂಬ ಪಟ್ಟಿಯಾಗಿ ಮಾಡಿ ಸಾವಿರಾರು ಜನರ ಮುಂದೆ ಇಡುವುದು ನನಗೆ ಸಹಿಸಲಾಗದ ಕ್ರೌರ್ಯವಾಗಿ ಕಂಡಿತು. ಈ ಕಥೆಯನ್ನು ಹಲವು ವರ್ಷಗಳಿಂದ ಓದುತ್ತ ಬಂದವಳಾಗಿ ಹೇಳುತ್ತೇನೆ, ಅದರ ಅತ್ಯಂತ ದೊಡ್ಡ ಗಳಿಗೆಯನ್ನೇ ಆ ವಿಡಿಯೊ ಬಿಟ್ಟುಬಿಟ್ಟಿದೆ.

ಆ ಗಳಿಗೆ ಯಾವುದೆಂದು ಹೇಳುತ್ತೇನೆ. 1978ರ ಬೇಸಿಗೆಯಲ್ಲಿ, ಅಬಕಾನ್ ನದಿಯ ಮೇಲ್ದಂಡೆಯ ಪರ್ವತಗಳಲ್ಲಿ ಭೂವಿಜ್ಞಾನಿಗಳ ತಂಡವೊಂದನ್ನು ಇಳಿಸಲು ಜಾಗ ಹುಡುಕುತ್ತಿದ್ದ ಹೆಲಿಕಾಪ್ಟರ್ ಚಾಲಕನಿಗೆ ಇಳಿಜಾರಿನ ಮೇಲೆ ಉಳುಮೆಯ ಸಾಲುಗಳು ಕಂಡವು. ಹತ್ತಿರದ ಜನವಸತಿ ಸುಮಾರು 250 ಕಿಲೋಮೀಟರ್ ದೂರದಲ್ಲಿತ್ತು. ಕಬ್ಬಿಣದ ಅದಿರು ಹುಡುಕಲು ಬಂದಿದ್ದ ತಂಡದ ನಾಲ್ವರು, ಗಲೀನಾ ಪಿಸ್ಮೆನ್‌ಸ್ಕಾಯಾ ಅವರ ಮುಂದಾಳತ್ವದಲ್ಲಿ, ಚೀಲಗಳಲ್ಲಿ ಉಡುಗೊರೆ ತುಂಬಿಕೊಂಡು ಬೆಟ್ಟ ಹತ್ತಿದರು. ಕಾಡಿನಲ್ಲಿ ಮೃಗಕ್ಕಿಂತ ಅಪರಿಚಿತ ಮನುಷ್ಯನೇ ಹೆಚ್ಚು ಅಪಾಯಕಾರಿ ಎಂಬ ಎಚ್ಚರದಿಂದ ಆಕೆ ಸೊಂಟದ ಪಿಸ್ತೂಲನ್ನು ಮುಟ್ಟಿ ನೋಡಿಕೊಂಡಿದ್ದರು ಎಂಬುದೂ ದಾಖಲಾಗಿದೆ. ತೊರೆಯ ಮೇಲೆ ಹಾಕಿದ್ದ ಮರದ ದಿಮ್ಮಿ, ಬರ್ಚ್ ತೊಗಟೆಯ ಬುಟ್ಟಿಗಳಲ್ಲಿ ಒಣಗಿಸಿಟ್ಟ ಆಲೂಗಡ್ಡೆ, ಕೊನೆಗೆ ಮಳೆಗೆ ಕಪ್ಪಾದ ಒಂದು ಗುಡಿಸಲು ಕಾಣಿಸಿತು. ಬಾಗಿಲು ತೆರೆದು ಬರಿಗಾಲಿನಲ್ಲಿ, ತೇಪೆ ಹಾಕಿದ ಅಂಗಿಯಲ್ಲಿ ಹೊರಬಂದ ಮುದುಕ ಕಾರ್ಪ್ ಲಿಕೊವ್ ಹೆದರಿದ್ದ. ಆಕೆ ಅಜ್ಜಾ ಎಂದು ಕರೆದು ನಮಸ್ಕಾರ ಹೇಳಿದ ಮೇಲೆ ಬಹಳ ಹೊತ್ತು ತಡೆದು, ಇಷ್ಟು ದೂರ ಬಂದಿದ್ದೀರಲ್ಲ, ಒಳಗೆ ಬನ್ನಿ ಎಂಬ ಅರ್ಥದ ಮಾತನ್ನಾಡಿದ.

ಒಳಗೆ ಒಂದೇ ಕೋಣೆ, ಕತ್ತಲೆ, ಇಬ್ಬರು ಹೆಣ್ಣುಮಕ್ಕಳು. ಅವರಲ್ಲೊಬ್ಬಳು ಭಯದಿಂದ ಅಳುತ್ತ ಇದು ನಮ್ಮ ಪಾಪಗಳಿಗೆ ಬಂದ ಶಿಕ್ಷೆ ಎಂದು ಪ್ರಾರ್ಥಿಸುತ್ತಿದ್ದಳು, ಇನ್ನೊಬ್ಬಳು ಕಂಬದ ಮರೆಯಲ್ಲಿ ನೆಲಕ್ಕೆ ಕುಸಿದಿದ್ದಳು. ಅದನ್ನು ನೋಡಿದ ಕೂಡಲೇ ಆ ನಾಲ್ವರು ಹೊರಗೆ ಬಂದುಬಿಟ್ಟರು. ಗುಡಿಸಲಿನಿಂದ ಸ್ವಲ್ಪ ದೂರದಲ್ಲಿ ಕುಳಿತು ತಮ್ಮ ಬುತ್ತಿ ಬಿಚ್ಚಿ ಉಣ್ಣತೊಡಗಿದರು. ಸುಮಾರು ಅರ್ಧ ಗಂಟೆಯ ನಂತರ ಬಾಗಿಲು ತಾನಾಗಿ ತೆರೆಯಿತು, ಮುದುಕನೂ ಇಬ್ಬರು ಹೆಣ್ಣುಮಕ್ಕಳೂ ಹೊರಬಂದು ಬಂದವರ ಹತ್ತಿರ ಕುಳಿತರು. ಕೊಟ್ಟ ಜಾಮ್, ಚಹಾ, ಬ್ರೆಡ್ ಯಾವುದನ್ನೂ ಅವರು ಮುಟ್ಟಲಿಲ್ಲ, ಅದು ನಮಗೆ ಸಲ್ಲದು ಎಂದರು.

ಈ ಅರ್ಧ ಗಂಟೆಯನ್ನು ಯಾರೂ ಹೇಳುವುದಿಲ್ಲ. ಅದಿರು ಹುಡುಕುವುದು ಅವರ ಕೆಲಸ, ಅವಸರವಿದ್ದವರು, ಆದರೂ ಅಳು ಕೇಳಿಸಿದ ಕೂಡಲೇ ಹೊಸ್ತಿಲಿನಿಂದ ಹಿಂದೆ ಸರಿದು ಬಾಗಿಲನ್ನು ತೆರೆಯುವ ಹಕ್ಕನ್ನು ಮನೆಯವರಿಗೆ ಬಿಟ್ಟರು. ಮುಂದೆ ಬೆಳೆದ ಸಂಬಂಧವೆಲ್ಲ ಆ ಸಂಯಮದ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಅದಾದ ಮೇಲೆ ಆ ಕುಟುಂಬ ಭೂವಿಜ್ಞಾನಿಗಳ ಶಿಬಿರಕ್ಕೆ ತಾನಾಗಿ ನಡೆದು ಹೋಗತೊಡಗಿತು. ಮರಗೆಲಸ ಬಲ್ಲ ಮಗ ದ್ಮಿತ್ರಿ ಅಲ್ಲಿನ ಗರಗಸದ ಯಂತ್ರವನ್ನು ಮೈಮರೆತು ನೋಡುತ್ತಿದ್ದ. ಮೊದಮೊದಲು ಅವರು ಒಪ್ಪಿಕೊಂಡ ಕೊಡುಗೆ ಉಪ್ಪು ಒಂದೇ. ಉಪ್ಪಿಲ್ಲದೆ ಕಳೆದ ವರ್ಷಗಳು ನಿಜವಾದ ಯಾತನೆಯಾಗಿದ್ದವು ಎಂದು ಕಾರ್ಪ್ ಹೇಳಿಕೊಂಡಿದ್ದ.

ಇನ್ನು ಅವರಿಗೆ ಏನೂ ಗೊತ್ತಿರಲಿಲ್ಲ ಎಂಬ ಮಾತಿಗೆ ಬರುತ್ತೇನೆ. ಹದಿನೇಳನೆಯ ಶತಮಾನದಲ್ಲಿ ರಷ್ಯಾದ ಚರ್ಚಿನ ಪ್ರಾರ್ಥನಾವಿಧಿಯನ್ನು ನಿಕಾನ್ ಎಂಬ ಧರ್ಮಾಧ್ಯಕ್ಷ ತಿದ್ದಿದಾಗ, ಎರಡು ಬೆರಳಿನ ಬದಲು ಮೂರು ಬೆರಳಿನಲ್ಲಿ ಶಿಲುಬೆಯ ಗುರುತು ಮಾಡಬೇಕೆಂಬ ಆಜ್ಞೆಯನ್ನು ಒಪ್ಪದೆ ಹಳೆಯ ನಂಬಿಕೆಗೆ ಅಂಟಿಕೊಂಡವರ ಪರಂಪರೆ ಇವರದು. ಅವರ ನಾಯಕರಲ್ಲೊಬ್ಬನಾದ ಅವ್ವಾಕುಮ್‌ನನ್ನು 1682ರಲ್ಲಿ ಜೀವಂತ ಸುಡಲಾಯಿತು. ಸೋವಿಯೆತ್ ಕಾಲದಲ್ಲಿ ಕಿರುಕುಳ ಮತ್ತೆ ಏರಿ, 1936ರಲ್ಲಿ ಕಾರ್ಪ್‌ನ ಅಣ್ಣತಮ್ಮಂದಿರಲ್ಲೊಬ್ಬನನ್ನು ಹಳ್ಳಿಯ ಹೊರಗೆ ಅವನ ಕಣ್ಣೆದುರೇ ಗುಂಡಿಟ್ಟು ಕೊಂದರು. ಹೆಂಡತಿ ಅಕುಲೀನಾ, ಒಂಬತ್ತು ವರ್ಷದ ಸಾವಿನ್, ಎರಡು ವರ್ಷದ ನತಾಲಿಯಾ, ಒಂದಿಷ್ಟು ಬೀಜ, ಒಂದು ರಾಟೆ ಮತ್ತು ಮಗ್ಗದ ಬಿಡಿಭಾಗಗಳನ್ನು ಕಟ್ಟಿಕೊಂಡು ಕಾರ್ಪ್ ಕಾಡು ಸೇರಿದ್ದು ಆಗ. ದ್ಮಿತ್ರಿ, ಕಿರಿಯ ಮಗಳು ಅಗಾಫಿಯಾ ಹುಟ್ಟಿದ್ದು ಕಾಡಿನಲ್ಲೇ. ಜಗತ್ತು ಏನು ಮಾಡಬಲ್ಲದು ಎಂಬುದು ಈ ಕುಟುಂಬಕ್ಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಅವರು ಅಲ್ಲಿದ್ದರು.

ಅವರು ಸೆಣಬಿನ ಜಾತಿಯ ಗಿಡ ಬೆಳೆದು ನೂಲು ತೆಗೆದು ಬಟ್ಟೆ ನೇಯ್ದರು. ಲೋಹದ ಪಾತ್ರೆಗಳು ತುಕ್ಕು ಹಿಡಿದು ಹೋದ ಮೇಲೆ ಬರ್ಚ್ ತೊಗಟೆಯಲ್ಲಿ ಪಾತ್ರೆ ಮಾಡಿದರು. ಬಂದೂಕಿಲ್ಲದ ದ್ಮಿತ್ರಿ ಗುಂಡಿ ತೋಡಿ, ಅಥವಾ ಪ್ರಾಣಿ ದಣಿದು ಬೀಳುವವರೆಗೆ ಬೆನ್ನಟ್ಟಿ ಬೇಟೆಯಾಡಿದ. ತಾಯಿ ಕಡ್ಡಿಯನ್ನು ಹಣ್ಣಿನ ರಸದಲ್ಲಿ ಅದ್ದಿ ಮಕ್ಕಳಿಗೆ ಅಕ್ಷರ ಕಲಿಸಿದಳು. ಸೃಷ್ಟಿಯ ಆದಿಯಿಂದ ವರ್ಷ ಎಣಿಸುವ ಹಳೆಯ ಪಂಚಾಂಗದ ಲೆಕ್ಕವನ್ನು ಸಾವಿನ್ ಕಾಯ್ದುಕೊಂಡು ಬಂದಿದ್ದ. ಐವತ್ತರ ದಶಕದ ಕೊನೆಯಿಂದ ಕೆಲವು ನಕ್ಷತ್ರಗಳು ಆಕಾಶದಲ್ಲಿ ವೇಗವಾಗಿ ಸಾಗತೊಡಗಿದ್ದನ್ನು ಗಮನಿಸಿದ ಮುದುಕ, ಜನರು ಏನನ್ನೋ ಕಂಡುಹಿಡಿದು ನಕ್ಷತ್ರದಂಥ ಬೆಂಕಿಯನ್ನು ಮೇಲೆ ಕಳುಹಿಸುತ್ತಿದ್ದಾರೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿದ್ದ. ಪತ್ರಿಕೆ, ರೇಡಿಯೊ ಏನೂ ಇಲ್ಲದೆ, ಬರಿಗಣ್ಣಿನಿಂದ ನೋಡಿ ಕೃತಕ ಉಪಗ್ರಹವನ್ನು ಊಹಿಸಿದ ಮನುಷ್ಯನನ್ನು ತೋರಿಸಿ ನಗಿಸುವವರಿಗೆ ನಾನು ಏನು ಹೇಳಲಿ?

1961ರ ಮಾತನ್ನಂತೂ ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಬೆಳೆ ಕೈಕೊಟ್ಟ ಆ ಕಾಲದಲ್ಲಿ ಅವರು ಚರ್ಮದ ಪಾದರಕ್ಷೆ ಮತ್ತು ಮರದ ತೊಗಟೆಯನ್ನು ತಿಂದರು. ಮಕ್ಕಳಿಗೆ ಉಳಿಯಲಿ ಎಂದು ಅಕುಲೀನಾ ಉಣ್ಣುವುದನ್ನು ಬಿಟ್ಟಳು, ಫೆಬ್ರವರಿಯಲ್ಲಿ ಹಸಿವಿನಿಂದ ತೀರಿಕೊಂಡಳು. ಆ ಕಷ್ಟದ ನಡುವೆ ಬಟಾಣಿಯ ಮಡಿಯಲ್ಲಿ ರೈ ಧಾನ್ಯದ ಒಂದೇ ಒಂದು ಮೊಳಕೆ ಕಾಣಿಸಿತು. ಅದರ ಸುತ್ತ ಬೇಲಿ ಕಟ್ಟಿ, ಇಲಿ ಅಳಿಲುಗಳು ಮುಟ್ಟದಂತೆ ಹಗಲೂ ರಾತ್ರಿ ಕಾದರು. ಆ ತೆನೆಯಿಂದ ಸಿಕ್ಕಿದ್ದು 18 ಕಾಳು, ಆ 18 ಕಾಳಿನಿಂದ ಮತ್ತೆ ಬೆಳೆಯನ್ನು ಕಟ್ಟಿದರು. ಒಂದೂವರೆ ನಿಮಿಷದಲ್ಲಿ ಹೇಳಲೇಬೇಕಾದ ಸಂಗತಿಯೊಂದಿದ್ದರೆ ಅದು ಇದು, ಆದರೆ ಟಿವಿ ಗೊತ್ತಿರಲಿಲ್ಲ ಎನ್ನುವುದಕ್ಕೆ ಸಮಯವಿತ್ತು, ಇದಕ್ಕೆ ಇರಲಿಲ್ಲ.

ಹೊರಗಿನವರು ಬಾರದಿದ್ದರೆ ಅವರು ಕಾಡಿನಲ್ಲೇ ಅಳಿದುಹೋಗುತ್ತಿದ್ದರು, ಹಾಗಾಗಿ ಹುಡುಕಿಕೊಂಡು ಹೋದದ್ದು ಉಪಕಾರವೇ ಅಲ್ಲವೇ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. ಉಪ್ಪು ಉಪಕಾರವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 1981ರ ಕೊನೆಯ ತಿಂಗಳುಗಳಲ್ಲಿ ದ್ಮಿತ್ರಿ, ಸಾವಿನ್, ನತಾಲಿಯಾ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು ಎಂಬುದನ್ನೂ ಅದರ ಜೊತೆಗೇ ಹೇಳಬೇಕು. ಹೊರಗಿನವರ ಸಂಪರ್ಕದಿಂದ ಸೋಂಕು ತಗುಲಿತು ಎನ್ನುವವರಿದ್ದಾರೆ, ವರ್ಷಗಳ ಅರೆಹೊಟ್ಟೆಯ ಪರಿಣಾಮ ಎನ್ನುವವರೂ ಇದ್ದಾರೆ. ನ್ಯುಮೋನಿಯಾದಿಂದ ನರಳುತ್ತಿದ್ದ ದ್ಮಿತ್ರಿಯನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯಲು ಭೂವಿಜ್ಞಾನಿಗಳು ಮುಂದಾದಾಗ ಅವನು ಒಪ್ಪಲಿಲ್ಲ, ಅವರು ಬಲವಂತ ಮಾಡಲಿಲ್ಲ. ಅಷ್ಟಕ್ಕೂ ನನ್ನ ಜಗಳ ಉಪ್ಪು ಕೊಟ್ಟವರ ಜೊತೆ ಅಲ್ಲವೇ ಅಲ್ಲ. ಕೊಟ್ಟವರು ಏನನ್ನೂ ಕೇಳಲಿಲ್ಲ. ಏನನ್ನೂ ಕೊಡದೆ, ಕಾಯದೆ, ನೋಡಿ ನಗಲು ಮಾತ್ರ ಬರುವವರ ಮೇಲೆ ನನಗೆ ಸಿಟ್ಟು.

ಈ ಸಿಟ್ಟು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯನ್ನು ಬಲ್ಲವರಿಗೆ ಗೊತ್ತು, ಅದು ಘಟ್ಟದ ಅಂಚಿನ ಒಂಟಿ ಮನೆ, ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಪೇಟೆಗೆ ಬಾ ಎಂದರೆ ಬರುವುದಿಲ್ಲ. ಮೊದಲೆಲ್ಲ ಯಾರೇ ಬಂದರೂ ದಣಪೆಯ ಆಚೆ ನಿಂತು ಒಂದು ಕೂಗು ಹಾಕುತ್ತಿದ್ದರು, ಒಳಗಿನಿಂದ ಓ ಎಂದ ಮೇಲೆ ಅಂಗಳಕ್ಕೆ ಇಳಿಯುತ್ತಿದ್ದರು, ಬೆಲ್ಲ ನೀರು ಕೊಟ್ಟ ಮೇಲಷ್ಟೇ ನಾವು ಊರು ಹೆಸರು ಕೇಳುತ್ತಿದ್ದೆವು. ಈಗ ಗುಡ್ಡದ ತುದಿ ನೋಡಲು ಜೀಪಿನಲ್ಲಿ ಬರುವವರು ಮೊಬೈಲ್ ಎತ್ತಿ ಹಿಡಿದುಕೊಂಡೇ ಅಂಗಳಕ್ಕೆ ಬರುತ್ತಾರೆ. ಅಜ್ಜಿ, ಒಬ್ಬರೇ ಹೇಗಿರುತ್ತೀರಿ, ಭಯ ಆಗುವುದಿಲ್ಲವೇ, ಇಂಟರ್ನೆಟ್ ಅಂದರೆ ಏನು ಗೊತ್ತಾ ಎಂದು ಕೇಳುತ್ತಾರೆ. ಕಳೆದ ವರ್ಷ ಅಂಥ ಒಂದು ವಿಡಿಯೊದಲ್ಲಿ ಅಮ್ಮ ಕಾಣಿಸಿಕೊಂಡರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಸೆರಗು ಸರಿಮಾಡಿಕೊಂಡ ಅವರ ಮುಖ ನೋಡಿ ನಾನು ಅತ್ತಿದ್ದೇನೆ. ಬಂದವರಿಗೆ ಅಮ್ಮ ಮಜ್ಜಿಗೆ ಕೊಟ್ಟು ಕಳುಹಿಸಿದ್ದರು, ಅದು ವಿಡಿಯೊದಲ್ಲಿ ಇರಲಿಲ್ಲ.

ಮತ್ತೆ ಅಗಾಫಿಯಾಳ ಮಾತಿಗೆ ಬರುತ್ತೇನೆ. 1982ರಲ್ಲಿ ಕೊಮ್ಸೊಮೊಲ್ಸ್ಕಾಯಾ ಪ್ರಾವ್ದಾ ಪತ್ರಿಕೆಯ ವಸಿಲಿ ಪೆಸ್ಕೊವ್ ಬರೆದ ಲೇಖನಗಳಿಂದ ಈ ಕುಟುಂಬ ಇಡೀ ಸೋವಿಯೆತ್ ದೇಶಕ್ಕೆ ಪರಿಚಯವಾಯಿತು. ಅಕುಲೀನಾ ತೀರಿಕೊಂಡ ದಿನಕ್ಕೆ ಸರಿಯಾಗಿ 27 ವರ್ಷವಾದಾಗ, 1988ರ ಫೆಬ್ರವರಿ 16ರಂದು ಕಾರ್ಪ್ ಕಣ್ಮುಚ್ಚಿದ. ಭೂವಿಜ್ಞಾನಿಗಳ ನೆರವಿನಿಂದ ಅಪ್ಪನನ್ನು ಬೆಟ್ಟದ ಇಳಿಜಾರಿನಲ್ಲಿ ಮಣ್ಣು ಮಾಡಿದ ಅಗಾಫಿಯಾ ಅಲ್ಲಿಯೇ ಇರುತ್ತೇನೆಂದು ತಿರುಗಿ ನಡೆದಳು. ಅಂದಿನಿಂದ ಅವಳನ್ನು ನೋಡಲು ಬರುವವರ ಸಾಲು ನಿಂತಿಲ್ಲ. ಬಂದವರಲ್ಲಿ ಒಬ್ಬನನ್ನು ಮಾತ್ರ ನಾನು ಮರೆಯಲಾರೆ. ಯೆರೊಫೆಯ್ ಸೆಡೊವ್ ಆ ಹಳೆಯ ಭೂವಿಜ್ಞಾನಿಗಳ ತಂಡದವನು, ಒಂದು ಕಾಲು ಕಳೆದುಕೊಂಡ ಮೇಲೆ 1997ರಲ್ಲಿ ಅವಳ ಗುಡಿಸಲಿನ ಕೆಳಗೇ ಬಂದು ನೆಲೆಸಿದ. ಅವನಿಗೆ ಸೌದೆ, ನೀರು ಹೊತ್ತು ಕೊಡುತ್ತಿದ್ದವಳು ಅಗಾಫಿಯಾ. 2015ರಲ್ಲಿ ಅವನು ತೀರಿಕೊಳ್ಳುವವರೆಗೂ ಆ ನೆರೆಹೊರೆ ಉಳಿಯಿತು. ನೆರವು ಕೊಟ್ಟವರು ಯಾರು, ಪಡೆದವರು ಯಾರು ಎಂದು ಉಪಕಾರದ ಮಾತೆತ್ತಿದ ಗೆಳೆಯರು ಇಲ್ಲಿ ಒಮ್ಮೆ ಯೋಚಿಸಲಿ. ಮರುವರ್ಷ ಕಾಲುನೋವು ಮಿತಿ ಮೀರಿದಾಗ ಅವಳೇ ಕರೆ ಮಾಡಿದಳು, ಹೆಲಿಕಾಪ್ಟರ್ ಬಂತು, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದಳು.

ರಷ್ಯಾಕ್ಕೆ ಹೋದರೆ ಅವಳನ್ನು ನೋಡಿ ಬರಬಹುದಲ್ಲ, ನಿನಗೆ ಅಷ್ಟು ಪ್ರೀತಿಯಿದೆಯಲ್ಲ ಎಂದು ಗೆಳತಿಯೊಬ್ಬಳು ಇವತ್ತು ಬೆಳಿಗ್ಗೆ ಕೇಳಿದಳು. ನಾನು ಹೋಗುವುದಿಲ್ಲ. ಅವಳ ಆಲೂಗಡ್ಡೆ ಕೀಳಲು, ಮೇಕೆಗಳಿಗೆ ಹುಲ್ಲು ಒಯ್ಯಲು, ಹಿಟ್ಟು ತಲುಪಿಸಲು ಅಲ್ಲಿನ ಅಭಯಾರಣ್ಯದ ಕಾವಲುಗಾರರೂ ಸ್ವಯಂಸೇವಕರೂ ಇದ್ದಾರೆ, ಅವಳ ಭಾಷೆ ಬಾರದ, ಕೊಡಲಿ ಹಿಡಿಯಲು ಬಾರದ ನನ್ನಿಂದ ಅವಳಿಗೆ ಆಗಬೇಕಾದ್ದು ಏನೂ ಇಲ್ಲ. ಆ ವಿಡಿಯೊ ಹಾಕಿದ ಗೆಳೆಯರಿಗೆ ಅದನ್ನು ತೆಗೆಯಿರಿ ಎಂದು ಕೇಳಿಕೊಂಡಿದ್ದೇನೆ. ಅವರಿನ್ನೂ ತೆಗೆದಿಲ್ಲ, ಆದ್ದರಿಂದ ಆ ಗುಂಪಿನಿಂದ ನಾನು ಹೊರಬಂದಿದ್ದೇನೆ.