ಆಟೋ ಹತ್ತಿದ ಹಾಯಿಮೀನು

ಶಾಲಿ ಗ್ಯಾದರಿಂಗಿನ ವೇಷ ಸ್ಪರ್ಧೆಗೆ ನನ್ನ ಮಗ ಹಾಯಿಮೀನು ಆಗುತ್ತೇನೆಂದು ಹಟ ಹಿಡಿದ. ಕಲಬುರಗಿಯವರಿಗೆ ಸಮುದ್ರ ಕಾಣಬೇಕೆಂದರೆ ಒಂದಿಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ನನಗೆ ಗೊತ್ತಿರುವುದು ಭೀಮಾ ಹೊಳೆಯ ಮೀನು, ಅದೂ ತಾಟಿನಲ್ಲಿ.

"ರಾಯಣ್ಣ ಆಗಲಿ ಬಿಡೋ, ಹೋದ್ ವರ್ಷದ ಕತ್ತಿ ಅಟ್ಟದ ಮ್ಯಾಲ ಹಂಗೇ ಅದ," ಎಂದಳು ಅವ್ವ.

"ಕತ್ತಿ ಇದಕ್ಕೂ ಬೇಕಬೇ!" ಎಂದ ಮಗ. ರಾಯಣ್ಣನ ಕತ್ತಿ ಮೀನಿನ ಮೂತಿಯಾಯಿತು.

ಈ ಈಟಿಮೂತಿಯ ಮನೆತನದಲ್ಲಿ ಇಬ್ಬರು ಹೆಸರುವಾಸಿ. ಹಾಯಿಮೀನಿನ ಬೆನ್ನಿಗೆ ಹಡಗಿನ ಹಾಯಿಯಂಥ ದೊಡ್ಡ ರೆಕ್ಕೆ. ಉದ್ದ 3 ಮೀಟರ್ ಆದರೂ ಮೈ ತೆಳು, ತೂಕ ಭಾಳಂದ್ರ ಒಂದು ಕ್ವಿಂಟಲ್. ಕಪ್ಪು ಮಾರ್ಲಿನ್‌ನದು ಹಾಯಿಯಿಲ್ಲದ ಗಿಡ್ಡ ಬೆನ್ನುರೆಕ್ಕೆ, ಪೈಲ್ವಾನನ ಮೈಕಟ್ಟು. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಗಾಳಕ್ಕೆ ಬಿದ್ದದ್ದು 707 ಕೆ.ಜಿ. ತೂಗಿತ್ತು. ಅವ್ವನಿಗೆ ತೊಗರಿ ಲೆಕ್ಕದಲ್ಲಿ ಹೇಳಿದೆ: ಏಳು ಕ್ವಿಂಟಲ್.

"ಈ ಸರ್ತಿ ನಮ್ಮ ಹೊಲದಾಗೂ ಅಷ್ಟು ಬಂದಿಲ್ಲಲ್ಲೋ!"

ಹಾಯಿಗೆ ನಾನು ಕಂಡುಕೊಂಡ ಉಪಾಯ ಹಳೇ ಬಟನ್ ಛತ್ರಿ. ಹಾಯಿಮೀನು ಜೋರಾಗಿ ಈಜುವಾಗ ಹಾಯಿಯನ್ನು ಬೆನ್ನ ಮೇಲಿನ ಸಂದಿಯೊಳಗೆ ಮಡಚಿಕೊಳ್ಳುತ್ತದೆ, ಬೇಟೆಯ ಹೊತ್ತಿಗೆ ಎತ್ತುತ್ತದೆ. ಬಟನ್ ಒತ್ತಿದರೆ ಹಾಯಿ! ನನ್ನ ಬುದ್ಧಿಗೆ ನಾನೇ ಬೆರಗಾದೆ. ಎದೆಯ ಪಕ್ಕದ ರೆಕ್ಕೆಗಳಿಗೆ ರಟ್ಟು ಕತ್ತರಿಸಿ, ಬಾಗಬಾರದೆಂದು ಒಳಗೆ ಮರದ ಸ್ಕೇಲು ಕಟ್ಟಿದೆ. ತಪ್ಪಾದದ್ದು ಅಲ್ಲೇ.

ಆಟೋ ಬಾಗಿಲಲ್ಲಿ ರೆಕ್ಕೆ ಒಳಗೇ ಹೋಗಲಿಲ್ಲ. ಮೈಗೆ ಮಡಚಲು ಬಾರದ ಸೆಟೆದ ರೆಕ್ಕೆ ಕಪ್ಪು ಮಾರ್ಲಿನ್‌ನ ಗುರುತು ಎಂದು ಆಮೇಲೆ ಓದಿದೆ. ಮಗನನ್ನು ಅಡ್ಡ ತಿರುಗಿಸಿ ತುರುಕಿದೆ. ಕತ್ತಿ ಹೋಗಿ ಡ್ರೈವರನ ಕುತ್ತಿಗೆಗೆ ತಾಗಿತು. "ಏ ಸಾಹೇಬ್ರ, ಇದೇನ್ ದರೋಡಿ ಏನ್ರಿ?" ಎಂದ ಆತ, ತಿರುಗಿ ನೋಡುವ ಧೈರ್ಯವಿಲ್ಲದೆ.

ಹಾಯಿಮೀನು ತಾಸಿಗೆ 110 ಕಿ.ಮೀ. ಓಡುತ್ತದೆಂದು ಹಳೇ ಪುಸ್ತಕಗಳು ಹೊಗಳುತ್ತವೆ. ಹೊಸ ಅಳತೆಗಳು ಅದನ್ನು 36ರ ಆಸುಪಾಸಿಗೆ ಇಳಿಸಿವೆ. ಅಂದರೆ ನಮ್ಮ ಆಟೋದಷ್ಟು. ಆ ವೇಗದಲ್ಲೇ ಸೂಪರ್ ಮಾರ್ಕೆಟ್ ದಾಟುವಾಗ ಒಂದು ತಗ್ಗು ಬಂತು, ಬಟನ್ ಒತ್ತಿಹೋಗಿ ಛತ್ರಿ ಫಟ್ಟನೆ ಬಿಚ್ಚಿತು. ಹಾಯಿಮೀನುಗಳು ಗುಂಪಾಗಿ ಹಾಯಿ ಎತ್ತಿ ಬೂತಾಯಿಯಂಥ ಸಣ್ಣ ಮೀನುಗಳನ್ನು ಒಂದೆಡೆ ಒತ್ತರಿಸುತ್ತವಂತೆ. ನಾನು, ಹೆಂಡತಿ, ಆಕೆಯ ಡಬ್ಬಿ ಮೂಲೆಯಲ್ಲಿ ಒತ್ತಾಗಿ ಬೂತಾಯಿಯ ಕಷ್ಟ ಅರ್ಥಮಾಡಿಕೊಂಡೆವು. ಮೊಣಕಾಲು ಹಚ್ಚಿ ಛತ್ರಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿಯೇ ಹೋಯಿತು. ಬಟನ್ ಒಳಗೆ ಸಿಕ್ಕಿಬಿತ್ತು.

ವೇದಿಕೆ ಮೇಲೆ ಮಗ, "ನಾನು ಹಾಯಿಮೀನು!" ಎಂದ.

"ಹಾಯಿ ಎಲ್ಲದಪಾ?" ಎಂದರು ಮೇಡಮ್ಮು.

"ಜೋರ್ ಈಜ್ಲಾಕ್ ಹತ್ತೀನ್ರಿ. ಮಡಚೀನಿ."

"ಮತ್ತ ಆ ಪಕ್ಕದ ರೆಕ್ಕಿ ಯಾಕ್ ಮಡಚಿಲ್ಲ?"

ಮಗ ತುಸು ಯೋಚಿಸಿ ನನ್ನ ಕಡೆ ಬೊಟ್ಟು ತೋರಿಸಿದ. "ಅದು ಅಪ್ಪಾಂದ್ ರೀ."

ಸಮಾಧಾನಕರ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ವೇಷದ ಹೆಸರು 'ತಿಮಿಂಗಿಲ' ಎಂದಿತ್ತು. ವಾಪಸು ಬರುವಾಗ ಯಾವ ಆಟೋದವನೂ ನಿಲ್ಲಿಸಲಿಲ್ಲ. ನಡೆದುಕೊಂಡು ಜಗತ್ ವೃತ್ತಕ್ಕೆ ಬಂದೆವು. ಅಲ್ಲಿ, ನಟ್ಟನಡು ರಸ್ತೆಯಲ್ಲಿ, ಯಾರೂ ಮುಟ್ಟದೆ ಛತ್ರಿ ತಾನಾಗಿ ಬಿಚ್ಚಿಕೊಂಡಿತು.