10ನೇ ವಚನವನ್ನೂ ಓದಿ

‘ನಂಬಿಕೆಯಿಂದ ಮಾತ್ರ ರಕ್ಷಣೆ ಅಂದರೆ ಹೇಗೆ ಬೇಕಾದರೂ ಬದುಕಬಹುದು ಎಂದಾಯಿತು’ ಎಂಬ ನಿಮ್ಮ ಮಾತನ್ನು ಒಪ್ಪಲಾಗಲಿಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕೆಲಸಗಳಿಂದಲ್ಲ ಅನ್ನುವ 8, 9ನೇ ವಚನಕ್ಕೇ ನಿಲ್ಲಿಸಿಬಿಟ್ಟಿದ್ದೀರಿ. ದೇವರು ನಮ್ಮನ್ನು ಉಂಟುಮಾಡಿದ್ದೇ ಒಳ್ಳೆಯ ಕೆಲಸಗಳಿಗಾಗಿ ಅಂತ 10ನೇ ವಚನದಲ್ಲಿದೆ, ಅಲ್ವಾ?

ನಾನು ವರ್ಷಗಟ್ಟಲೆ ಪ್ರಾರ್ಥನೆ, ಉಪವಾಸಗಳ ಲೆಕ್ಕ ಇಡುತ್ತಿದ್ದೆ. ಎಷ್ಟು ಮಾಡಿದರೂ ಸಾಲದು ಅನ್ನುವ ಭಯ ಹೋಗಲೇ ಇಲ್ಲ. ಯೇಸುವಿನ ಪಕ್ಕದಲ್ಲೇ ಶಿಲುಬೆಯ ಮೇಲಿದ್ದ ಆ ಕಳ್ಳನ ಬಳಿ ತೋರಿಸಲು ಯಾವ ಲೆಕ್ಕವಿತ್ತು? ‘ನನ್ನನ್ನು ನೆನಸಿಕೋ’ ಅಂತ ಯೇಸುವನ್ನು ಕೇಳಿದ, ಅಷ್ಟೇ; ಅವನಿಗೂ ರಕ್ಷಣೆ ಸಿಕ್ಕಿತು. ಇದು ಮನಸ್ಸಿಗೆ ಇಳಿದ ಮೇಲೆ ಭಯ ಹೋಯಿತು. ಬೇರೆಯವರಿಗೆ ನೆರವಾಗುವುದು ಮಾತ್ರ ಜಾಸ್ತಿಯೇ ಆಯಿತು.

ಇನ್ನು, ಇದು ಬರೀ ಪ್ರಾಟೆಸ್ಟಂಟರ ಮಾತು ಅನ್ನಬೇಡಿ. ಕೃಪೆಯಿಂದಲೇ ರಕ್ಷಣೆ ಅಂತ ಕ್ಯಾಥೊಲಿಕರೂ ಪ್ರಾಟೆಸ್ಟಂಟರ ಒಂದು ಪಂಗಡವಾದ ಲೂಥರನರೂ 1999ರಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ.