ರಿಲೇಗೆ ಹೇಳಿದ ಸುಳ್ಳು

ನನ್ನ ಮನೆಯ ಮುಂದೆ ನಿಂತಿರುವುದು 1994ರ ಮಹೀಂದ್ರ ಎಂಎಂ 540 ಜೀಪು. ಕಾಡು, ಕೆಸರು, ಹಳ್ಳಕೊಳ್ಳ ದಾಟಲೆಂದು ನಾಲ್ಕೂ ಚಕ್ರಕ್ಕೆ ಶಕ್ತಿ ತುಂಬಿ ಮಾಡಿದ ಗಾಡಿ. ಈಗ ಮೈಸೂರಿನ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ ತರುತ್ತದೆ. ಮುಂದಿನ ಮಡ್‌ಗಾರ್ಡುಗಳ ಮೇಲೆ ಹಳದಿ ಗಾಜಿನ ಎರಡು ಸಿಗ್ನಲ್ ದೀಪಗಳಿದ್ದವು. ನಿವೃತ್ತ ಮೇಷ್ಟರು ಹಾಜರಿ ಕೂಗಿದ ಹಾಗೆ ನಿಧಾನವಾಗಿ, ಒಂದೊಂದಾಗಿ ಮಿಣುಕುತ್ತಿದ್ದವು. ಎರಡು ವರ್ಷಗಳಿಂದ ಬೆಳಕು ಮಂಕಾಗಿತ್ತು, ಅಷ್ಟೆ.

ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿರುವ ನನ್ನ ಸೋದರಳಿಯ ಒಂದು ಸಂಜೆ ಜೀಪಿನ ಮುಂದೆ ನಿಂತು, "ಮಾವ, ಇದು ದೀಪವೇ ಅಲ್ಲ, ಊದುಬತ್ತಿಯ ತುದಿ" ಎಂದು ತೀರ್ಪಿತ್ತ. ವಾರದೊಳಗೆ ಕೊರಿಯರ್ ಬಂತು. ಒಳಗಿದ್ದದ್ದು ಬಳೆಯಾಕಾರದ ಎಲ್‌ಇಡಿ ದೀಪಗಳು. ಸುಮ್ಮನಿದ್ದಾಗ ಬಿಳಿ, ತಿರುಗುವಾಗ ಹಳದಿ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ. ಭಾನುವಾರ ಸಂಜೆ ಅರಮನೆಗೆ ಲಕ್ಷದ ಹತ್ತಿರ ಬಲ್ಬು ಬೆಳಗುತ್ತವೆ. ಆದರೂ ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಯಾರೂ ಕೇಳುವುದಿಲ್ಲವಾದ್ದರಿಂದ ಆ ದೀಪಗಳು ಓಡುವುದಿಲ್ಲ. ನಮ್ಮ ಜೀಪು ಅರಮನೆಗಿಂತ ಒಂದು ಹೆಜ್ಜೆ ಮುಂದೆ ಹೋಯಿತು.

ಹಾಕಿಸಿ ಸ್ವಿಚ್ಚು ಒತ್ತಿದರೆ ದೀಪಕ್ಕೆ ಸನ್ನಿ ಹಿಡಿದಿತ್ತು. ದೀಪವನ್ನು ಮಿಣುಕಿಸುತ್ತಾ ಟಿಕ್ ಟಿಕ್ ಎನ್ನಬೇಕಾದ ರಿಲೇ ಎಂಬ ಡಬ್ಬಿ ಕುಕ್ಕರಿನಲ್ಲಿ ಸಿಕ್ಕ ಮಿಡತೆಯಂತೆ ಒದರತೊಡಗಿತು. ಸಿಗ್ನಲ್ ದೀಪ ಹಳದಿಯಾಗಿರಬೇಕು, ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದಂತೆ, 120 ಮೀರದಂತೆ ಮಿಣುಕಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ನಾನು ಗಡಿಯಾರ ಹಿಡಿದು ಎಣಿಸಲು ಕುಳಿತು, ಅರ್ಧ ನಿಮಿಷದಲ್ಲೇ ಲೆಕ್ಕ ತಪ್ಪಿ ಎದ್ದೆ.

ಮಂಡಿ ಮೊಹಲ್ಲಾದಲ್ಲಿ ವಾಹನಗಳ ವೈರಿಂಗ್ ಮಾಡುವ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಅವರು ಬಾನೆಟ್ ಎತ್ತಿ ನೋಡಿ ರೋಗ ಹೇಳಿದರು. ಹಳೆಯ ಬಲ್ಬು 21 ವ್ಯಾಟ್ ತಿನ್ನುತ್ತಿತ್ತು, ಎಲ್‌ಇಡಿಗೆ ಎರಡು ಮೂರು ವ್ಯಾಟ್ ಸಾಕು. ಇಷ್ಟು ಕಡಿಮೆ ತಿನ್ನುವುದನ್ನು ಕಂಡ ರಿಲೇ, ಬಲ್ಬು ಸುಟ್ಟಿದೆ ಎಂದು ತಿಳಿದು ಬೊಬ್ಬೆ ಹಾಕುತ್ತಿದೆ. "ಸಾರ್, ಎಲ್‌ಇಡಿಗೆಂದೇ ಮಾಡಿದ ರಿಲೇ ಸಿಗುತ್ತದೆ, ಅದನ್ನು ಹಾಕಿಸಿ" ಎಂದರು. ಅಷ್ಟರಲ್ಲಿ ಸೋದರಳಿಯ ಜೇಬಿನಿಂದ ಚಿನ್ನದ ಬಣ್ಣದ ಎರಡು ಗಟ್ಟಿಗಳನ್ನು ತೆಗೆದ. ರೆಸಿಸ್ಟರ್ ಅಂತೆ. ದೀಪದ ಪಕ್ಕದಲ್ಲಿ ಜೋಡಿಸಿದರೆ ಅದು 24 ವ್ಯಾಟ್ ವಿದ್ಯುತ್ತನ್ನು ಬರಿಯ ಶಾಖವಾಗಿ ಸುಡುತ್ತದೆ. ಆಗ ರಿಲೇ, ಹಳೆಯ ಬಲ್ಬೇ ಉರಿಯುತ್ತಿದೆ ಎಂದು ನಂಬಿ ಸುಮ್ಮನಾಗುತ್ತದೆ.

ಇದನ್ನು ಕೇಳಿದಾಗ ನನಗೆ ಸರ್ಕಾರಿ ನೌಕರಿಯ ದಿನಗಳು ನೆನಪಾದವು. ಮಾರ್ಚ್ 31ರೊಳಗೆ ಅನುದಾನ ಮುಗಿಯದಿದ್ದರೆ ಮೇಲಿನವರಿಗೆ ಅನುಮಾನ ಬರುತ್ತದೆ. ಆದ್ದರಿಂದ ಉಳಿದ ಹಣದಲ್ಲಿ ಯಾರೂ ಕೂರದ ಕುರ್ಚಿ ಕೊಂಡು, ಎಲ್ಲವೂ ಹಿಂದಿನ ವರ್ಷದಂತೆಯೇ ಇದೆ ಎಂದು ಅವರನ್ನು ನಂಬಿಸಬೇಕು. ಮೊದಲು ದುಡ್ಡು ಕೊಟ್ಟು ವಿದ್ಯುತ್ ಉಳಿಸಿದೆವು. ಉಳಿದದ್ದನ್ನು ಸುಡಲು ಮತ್ತೆ ದುಡ್ಡು ಕೊಟ್ಟೆವು. ತಿಂಗಳಾದ ಮೇಲೆ ಬಾನೆಟ್ಟಿನೊಳಗಿಂದ ವಾಸನೆ ಬಂತು. ಆ ಚಿನ್ನದ ಗಟ್ಟಿ ಪಕ್ಕದ ವೈರಿನ ಹೊದಿಕೆಯನ್ನು ಹಲಸಿನ ಮೇಣದಂತೆ ಕರಗಿಸಿ ಮಡ್‌ಗಾರ್ಡಿಗೆ ಅಂಟಿಸಿತ್ತು.

ಅದೇ ಹೊತ್ತಿಗೆ ನೋಂದಣಿ ನವೀಕರಣ ಬಂತು. ಹದಿನೈದು ವರ್ಷ ತುಂಬಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಜೊತೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಇನ್ನೊಂದು ಕಲಮು ಸೇರಿದೆ: ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಎಡದ ದೀಪ ಒಂದು, ಬಲದ ದೀಪ ಇನ್ನೊಂದು ಎಂದು ಲೆಕ್ಕ ಹಾಕಿದರೆ ಏನು ಗತಿ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ದೀಪಗಳನ್ನು ಸೋದರಳಿಯ ಆಗಲೇ ಗುಜರಿಗೆ ಹಾಕಿದ್ದ.

ಭಾಯ್ ನಕ್ಕು ಒಂದು ಬಿಸ್ಕತ್ತಿನ ಡಬ್ಬ ತೆರೆದರು. ಒಳಗೆ ಹಳದಿ ಗಾಜಿನ ಒಂದು ಜೊತೆ ಅಸಲಿ ದೀಪ. ನವೀಕರಣದ ದಿನ ಯಾರ ಜೀಪಿಗೆ ಬೇಕೋ ಅವರಿಗೆ ಹಾಕಿ, ಸಂಜೆಗೆ ಬಿಚ್ಚಿಕೊಳ್ಳುತ್ತಾರೆ. ಹೆಣ್ಣು ನೋಡಲು ಬರುವವರಿಗಾಗಿ ಪಕ್ಕದ ಮನೆಯಿಂದ ಸೋಫಾ ತಂದಿಡುವುದಿಲ್ಲವೇ, ಹಾಗೆ. ಆ ಒಂದೇ ಜೊತೆ ಎಷ್ಟು ಜೀಪುಗಳ ಸಾಚಾತನಕ್ಕೆ ಸಾಕ್ಷಿ ಹೇಳಿದೆಯೋ ಭಾಯ್ ಕೂಡ ಲೆಕ್ಕ ಇಟ್ಟಿಲ್ಲ.

ಅದನ್ನು ಜೋಡಿಸುವಾಗ ಅವರು ಮಡ್‌ಗಾರ್ಡಿನ ಸ್ಕ್ರೂ ಒಂದನ್ನು ಬಿಚ್ಚಿದರು. ಅದರಡಿಯ ವಾಷರು ಸುಟ್ಟ ಹಪ್ಪಳದಂತೆ ಪುಡಿಯಾಗಿ ಅಂಗೈಗೆ ಬಿತ್ತು. ಇಂಥ ಜೀಪಿನಲ್ಲಿ ದೀಪದ ಅರ್ತು, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ, ಹೋಗುವುದು ಮಡ್‌ಗಾರ್ಡಿನ ತಗಡಿನ ಮೂಲಕ. ಅಲ್ಲಿ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ. ಭಾಯ್ ಸ್ಯಾಂಡ್‌ಪೇಪರಿನ ತುಂಡಿನಿಂದ ನಾಲ್ಕು ಸಲ ತಿಕ್ಕಿ, ಹೊಸ ವಾಷರು ಹಾಕಿ ಸ್ವಿಚ್ಚು ಒತ್ತಿದರು. ಎದುರಿನ ಗೋಡೆ ಹಳದಿಯಾಯಿತು. ಸೋದರಳಿಯ ಮೊಬೈಲ್ ನೋಡುತ್ತಾ ನಿಂತಿದ್ದ. ಸ್ಯಾಂಡ್‌ಪೇಪರಿಗೆ ಭಾಯ್ ದುಡ್ಡು ತೆಗೆದುಕೊಳ್ಳಲಿಲ್ಲ. ನವೀಕರಣ ಮುಗಿದ ಮೇಲೂ ನಾನು ಆ ದೀಪಗಳನ್ನು ಹಿಂದಿರುಗಿಸದೆ, ಕೇಳಿದ ಬೆಲೆ ಕೊಟ್ಟು ಇಟ್ಟುಕೊಂಡೆ. ಮರುದಿನ ಸರದಿಯಿದ್ದ ಜೀಪಿನವರು ನನಗೆ ಹಿಡಿಶಾಪ ಹಾಕಿರಬೇಕು.

ಇಷ್ಟೆಲ್ಲ ಮಾಡಿದ್ದು ಎಡಕ್ಕೋ ಬಲಕ್ಕೋ ಎಂದು ಎದುರಿನವನಿಗೆ ತಿಳಿಸಲು. ಆದರೆ ನಮ್ಮೂರಿನಲ್ಲಿ ಅದನ್ನು ಯಾರು ಯಾರಿಗೆ ತಿಳಿಸುತ್ತಾರೆ? ವೃತ್ತಗಳೇ ತುಂಬಿದ ಊರು ನಮ್ಮದು. ಅಲ್ಲಿ ಕಾರಿನವರು ನಾಲ್ಕೂ ದೀಪ ಮಿಣುಕಿಸುತ್ತಾ ಬಂದರೆ ನೇರ ಹೋಗುತ್ತಾರೆ ಎಂದರ್ಥ. ಎಡಕ್ಕೆ ಬಲವನ್ನು ಕೂಡಿಸಿದರೆ ನೇರ ಎಂಬುದು ಅವರ ಗಣಿತ. ಆಟೋದವರು ಎರಡು ಬೆರಳು ಹೊರಗೆ ಆಡಿಸುತ್ತಾರೆ. ಅದು ಸಿಗ್ನಲ್ಲೋ ಬೀಡಿಯ ಬೂದಿಯೋ ನಾವೇ ಊಹಿಸಬೇಕು.

ಮಂಡ್ಯದ ಕಡೆ ಇನ್ನೂ ಸರಳ. ನನ್ನ ಭಾವಮೈದುನನ ಟ್ರ್ಯಾಕ್ಟರಿನ ಮುಂಭಾಗದಲ್ಲಿ ಮದುವೆ ಮಂಟಪದಷ್ಟು ಬಣ್ಣದ ದೀಪಗಳಿವೆ. ಹಿಂದೆ ಕಬ್ಬು ತುಂಬಿದ ಎರಡು ಟ್ರೇಲರು, ಕೆಂಪು ದೀಪ ಒಂದೂ ಇಲ್ಲ. ಬೆಂಗಳೂರು-ಮೈಸೂರು ಹೊಸ ದಶಪಥದಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲದ್ದರಿಂದ ಸರ್ವಿಸ್ ರಸ್ತೆಯ ಕತ್ತಲಲ್ಲಿ ಹೋಗುತ್ತಾನೆ. "ಹಿಂದೆ ಬರುವವರಿಗೆ ನೀನಿರುವುದು ಗೊತ್ತಾಗುವುದು ಹೇಗಪ್ಪಾ?" ಎಂದು ಕೇಳಿದೆ.

"ಹಾಡು ಕೇಳಿಸುತ್ತದಲ್ಲ ಭಾವ" ಎಂದ.

ಮೊನ್ನೆ ನಾನು ಮಾರುಕಟ್ಟೆಯಿಂದ ಮರಳುತ್ತಿದ್ದೆ. ಮನೆಯ ರಸ್ತೆಗೆ ತಿರುಗಲು ಇನ್ನೂ ಐವತ್ತು ಮಾರು ಇರುವಾಗಲೇ ಎಡ ಸಿಗ್ನಲ್ ಹಾಕಿದೆ. ಹಳದಿ, 21 ವ್ಯಾಟ್, ನಿಮಿಷಕ್ಕೆ ಸುಮಾರು ಎಂಬತ್ತು ಸಲ. ಕಾನೂನು ಬಂದು ಮುಂದೆ ನಿಂತರೂ ಮೆಚ್ಚಬೇಕು. ಹಿಂದಿನಿಂದ ಬಂದ ಸ್ಕೂಟರಿನ ಹುಡುಗಿಯೊಬ್ಬಳು ಹಾರ್ನ್ ಮಾಡುತ್ತಾ ನನ್ನ ಎಡಗಡೆಯಿಂದಲೇ ನುಗ್ಗಿ, ಪಕ್ಕಕ್ಕೆ ಬಂದು, ಕಾಳಜಿಯಿಂದ ಕೂಗಿದಳು.

"ಅಂಕಲ್, ಇಂಡಿಕೇಟರ್ ಆನ್ ಆಗಿಯೇ ಇದೆ, ಆಫ್ ಮಾಡಿಕೊಳ್ಳಿ!"

ಥ್ಯಾಂಕ್ಸ್ ಕಣಮ್ಮ ಎಂದೆ. ಆಫ್ ಮಾಡಿದೆ. ಅವಳು ಮುಂದೆ ಹೋದ ಮೇಲೆ ತಿರುಗಿದೆ.